ಮೇಲಿನ ತೋಟದ ನೀರು

ಮಲೆನಾಡಿನ ಬಾವಿಯ ವಿಚಾರದಲ್ಲಿ ಕ್ರಯಪತ್ರವನ್ನು ನಂಬಲಾಗದು. ಕಟ್ಟೆ, ರಾಟೆ, ಹಗ್ಗ ನಮ್ಮವು. ಒಳಗಿನ ನೀರು ಮಾತ್ರ ಗುಡ್ಡದ್ದು. ಮೂಡಿಗೆರೆಯ ಕಡೆ ಇಳಿಜಾರಿನಲ್ಲಿ ಮನೆ ಮಾಡಿಕೊಂಡವನಿಗೆ, ಮೇಲಿನವರು ಚೆಲ್ಲಿದ್ದು ಒಂದಲ್ಲ ಒಂದು ದಿನ ಕೊಡದಲ್ಲಿ ಬಂದೇ ಬರುತ್ತದೆ.

ನಮ್ಮಲ್ಲಿಗೆ ಅದು ಬಂದದ್ದು ಪುಷ್ಯಮಾಸದಲ್ಲಿ, ಕಾಫಿಯ ಕೊಯ್ಲು ಭರದಿಂದ ಸಾಗಿದ್ದಾಗ. ನೀರಿಗೆ ಕಂದು ಬಣ್ಣ. ಕೊಳೆತ ಹಣ್ಣಿನ ವಾಸನೆ. ತಾಯಿಯವರು ತಂಬಿಗೆಯನ್ನು ಮೂಗಿನ ಬಳಿ ಹಿಡಿದು, "ಇದು ಗಂಗೆಯಲ್ಲ, ಕಾಫಿಸಿಪ್ಪೆಯ ಕಷಾಯ" ಎಂದರು. ಅವರ ನಿದಾನ ಸರಿಯಾಗಿತ್ತು. ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜಕ್ಕಂಟಿದ ಲೋಳೆಯನ್ನು ತೊಳೆದಾಗ ಸಕ್ಕರೆಯ ಅಂಶವುಳ್ಳ ನೀರು ಹೊರಬೀಳುತ್ತದೆ. ಅದು ನಿಂತಲ್ಲಿ ಹುಳಿಯುತ್ತದೆ. ಹಳ್ಳಕ್ಕೆ ಸೇರಿದರೆ ನೀರಿನ ಪ್ರಾಣವಾಯುವನ್ನು ನುಂಗಿ ಮೀನುಗಳನ್ನು ಕೊಲ್ಲುತ್ತದೆ. ನೆಲದಲ್ಲಿ ಇಂಗಿದರೆ ಕೆಳಮನೆಯ ಬಾವಿಗೆ ದಾರಿ ಹುಡುಕುತ್ತದೆ. ಪೇಟೆಯಲ್ಲಿ ಒಳ್ಳೆಯ ಬೆಲೆ ತರುವ ಪಾರ್ಚ್‌ಮೆಂಟ್ ಕಾಫಿಯ ಹಿತ್ತಿಲ ಕಥೆಯಿದು.

"ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎಸೆಯಿರಿ ಮಾರಾಯ್ರೆ" ಎಂದರು ನೆಂಟರೊಬ್ಬರು. ಈ 'ಒಂದು ಹಿಡಿ'ಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಯಾರ ಹಿಡಿ? ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ 2.5 ಗ್ರಾಂ ಸಾಕು. 2 ಮೀಟರ್ ಅಗಲದ ದುಂಡುಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್; ಅದಕ್ಕೆ 24 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕಲಕಿ, ಒಂದು ಗಂಟೆಯಾದರೂ ಕಾಯಬೇಕು. ನಮ್ಮ ಮಳೆನಾಡಿನ ತೇವದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿಯ ಪುಡಿಯಾದರೋ ಕೆಲದಿನಗಳಲ್ಲೇ ಸತ್ವಗೆಡುತ್ತದೆ. ಅದಲ್ಲದೆ ಪುಡಿಯ ಕೆಲಸ ರೋಗಾಣುಗಳನ್ನು ಕೊಲ್ಲುವುದು. ಸಿಪ್ಪೆಯ ರಸ ತುಂಬಿದ ನೀರಿನಲ್ಲಿ ಅದರ ಕ್ಲೋರಿನ್ ಆ ರಸದೊಡನೆ ಸೆಣಸಿಯೇ ಮುಗಿದುಹೋಗುತ್ತದೆ, ರೋಗಾಣುಗಳು ಸುಖವಾಗಿರುತ್ತವೆ. ಮೊದಲು ಮೇಲಿನ ಹರಿವು ನಿಲ್ಲಬೇಕು, ಆಮೇಲೆ ಬಾವಿ ಬರಿದಾಗಬೇಕು, ಪುಡಿಯ ಸರದಿ ಕೊನೆಗೆ.

ಹರಿವನ್ನು ನಿಲ್ಲಿಸಬೇಕಾದವರು ಮೇಲಿನ ತೋಟದ ಯಜಮಾನರು. ದೂರು ಕೊಡಲು ಮಾಲಿನ್ಯ ನಿಯಂತ್ರಣ ಮಂಡಳಿಯಿದೆ, ನಿಜ. ಆದರೆ ಆಷಾಢದ ಒಂದು ನಡುರಾತ್ರಿ ತಾಯಿಯವರನ್ನು ಆಸ್ಪತ್ರೆಗೆ ಒಯ್ದದ್ದು ಅವರ ಜೀಪು. ಚಕ್ರ ಹಿಡಿದವರೂ ಅವರೇ. ಅಂಥವರ ಮೇಲೆ ಅರ್ಜಿ ಬರೆಯಲು ಲೇಖನಿ ಏಳುವುದಿಲ್ಲ. ನೀರು ಕುಡಿಯದಿರಲೂ ಆಗುವುದಿಲ್ಲ. ಮೂರು ದಿನ ಈ ತೊಳಲಾಟದಲ್ಲಿ ಕಳೆದು, ನಾಲ್ಕನೆಯ ದಿನ ಒಂದು ಸೀಸೆಯಲ್ಲಿ ಬಾವಿಯ ನೀರನ್ನು ತುಂಬಿಕೊಂಡು ಗುಡ್ಡ ಹತ್ತಿದೆ.

ಯಜಮಾನರು ಅದನ್ನು ಬೆಳಕಿಗೆ ಹಿಡಿದರು, ಮೂಸಿದರು, ಬಹಳ ಹೊತ್ತು ಮಾತಾಡಲಿಲ್ಲ.

"ಅಮ್ಮನವರು ಇದನ್ನು ಕುಡಿದರೇ?"

"ಎರಡು ದಿನ ಕುಡಿದರು, ಗೌಡರೆ."

ಮರುದಿನವೇ ಪಲ್ಪರ್ ನಿಂತಿತು. ಬಾವಿಯ ಇಳಿಜಾರನ್ನು ಬಿಟ್ಟು ಆಚೆಯ ಮಗ್ಗುಲಲ್ಲಿ ಹೊಂಡ ತೋಡಿ, ನೀರು ಇಂಗದಂತೆ ತಳಕ್ಕೂ ಗೋಡೆಗೂ ಗಾರೆ ಮಾಡಿಸಿದರು. ಹುಳಿ ಮುರಿಯಲು ಸುಣ್ಣದ ಮೂಟೆಗಳೂ ಬಂದವು. ಹಣ್ಣು ಕೊಯ್ಯುವ ಕಾಲದಲ್ಲಿ ಪಲ್ಪರ್ ನಿಲ್ಲಿಸುವುದೆಂದರೆ ಏನೆಂದು ಬೆಳೆಗಾರರಿಗೆ ಗೊತ್ತು. ಆ ಸಲ ಅವರ ಹಣ್ಣಿನಲ್ಲಿ ಬಹುಪಾಲು ಕಣದಲ್ಲಿ ಹಾಗೆಯೇ ಒಣಗಿ, ಕಡಿಮೆ ಬೆಲೆಯ ಚೆರ್ರಿಯಾಯಿತು.

ನಮ್ಮ ಬಾವಿಯನ್ನು ನಾಲ್ಕು ಸಲ ಬರಿದು ಮಾಡಿಸಿದೆವು. ಅದು ತಿಳಿಯಾಗುವವರೆಗೆ ಕುಡಿಯುವ ನೀರು ಯಜಮಾನರ ಮನೆಯ ಬಾವಿಯಿಂದಲೇ ಬರುತ್ತಿತ್ತು. ಅದು ಗುಡ್ಡದಲ್ಲಿ ಅವರ ಪಲ್ಪರಿಗಿಂತಲೂ ಮೇಲಿದೆ.