ಹಗಲಿನ ನಾಯಿ, ಇರುಳಿನ ಹಿಂಡು

ನಿಮ್ಮ ಮನೆಯ ನಾಯಿ ರಾತ್ರಿ ಹತ್ತು ಗಂಟೆಯ ನಂತರ ಎಲ್ಲಿರುತ್ತದೆ ಎಂದು ಎಂದಾದರೂ ವಿಚಾರಿಸಿದ್ದೀರಾ? ದೊಡ್ಡಬಳ್ಳಾಪುರದ ಕಡೆಯ ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಒಂದೇ: “ಇಲ್ಲೇ ಎಲ್ಲೋ ಇರುತ್ತೆ.” ಊಟದ ಹೊತ್ತಿಗೆ ಅಂಗಳದಲ್ಲಿ ಹಾಜರಾಗಿ, ಮಿಕ್ಕ ಮುದ್ದೆ-ಸಾರು ತಿಂದು, ಮಕ್ಕಳ ಕಾಲ ಬಳಿ ಒರಗಿದ್ದ ಪ್ರಾಣಿ ದೀಪವಾರಿದ ಮೇಲೆ ಎದ್ದು ಹೊರಟುಹೋಗುತ್ತದೆ. ಬೆಳಗಾಗುವಾಗ ಮತ್ತೆ ಹೊಸ್ತಿಲ ಮುಂದೆ ಮಲಗಿರುತ್ತದೆ. ನಡುವಿನ ಏಳೆಂಟು ಗಂಟೆಗಳ ವೃತ್ತಾಂತವನ್ನು ನಾವು ಕೇಳುವುದಿಲ್ಲ, ಅದು ಹೇಳುವುದೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಪಕ್ಕದ ಹೊಲದಲ್ಲಿ ಕುರಿಗಾಹಿಗಳ ಒಂದು ಕುಟುಂಬ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿತ್ತು. ಸುತ್ತಲೂ ಬಲೆ ಕಟ್ಟಿದ ರೊಪ್ಪ. ಒಂದು ಮುಂಜಾನೆ ಗಲಾಟೆ ಕೇಳಿ ನಾನೂ ಅತ್ತ ಹೋದೆ. ಹನ್ನೊಂದು ಕುರಿಗಳು ಸತ್ತು ಬಿದ್ದಿದ್ದವು. ಕೆಲವಕ್ಕೆ ಕುತ್ತಿಗೆಯಲ್ಲಿ ಗಾಯ, ಕೆಲವಕ್ಕೆ ತೊಡೆಯಲ್ಲಿ. ಇನ್ನು ಕೆಲವು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸತ್ತಿದ್ದವು. ಒಂದನ್ನೂ ತಿಂದಿರಲಿಲ್ಲ. ಚಿರತೆಯೇ ಇರಬೇಕೆಂದು ನೆರೆದವರಲ್ಲೊಬ್ಬರು ಹೇಳಿದಾಗ ಮಂದೆಯ ಹಿರಿಯ ತಲೆಯಾಡಿಸಿದ. “ಕಾಡಿಂದ ಬಂದವಲ್ಲ ಸಾಮಿ, ಎಲ್ಲಾ ನಿಮ್ಮೂರವೇ. ಬ್ಯಾಟ್ರಿ ಬಿಟ್ಟು ನೋಡ್ದೆ, ಎರಡಕ್ಕೆ ಕೊರಳಾಗೆ ಪಟ್ಟಿ ಇತ್ತು. ಹಗಲೊತ್ತು ಅವೇ ಬಂದು ಬಾಲ ಅಲ್ಲಾಡಿಸ್ತಾ ರೊಟ್ಟಿ ತಿಂದು ಹೋಗಿದ್ವು.”

ಊರಿನಲ್ಲಿ ಯಾರೂ ಅದನ್ನು ಒಪ್ಪಲಿಲ್ಲ. ಒಪ್ಪಿದರೆ ಪರಿಹಾರ ಕೊಡಬೇಕಲ್ಲ! ಆದರೆ ಆ ಹಿರಿಯ ಹೇಳಿದುದರಲ್ಲಿ ಅಸಂಭವವಾದದ್ದು ಏನೂ ಇಲ್ಲ. ನಾಯಿಯ ಬೇಟೆಗೂ ಅದರ ಹಸಿವಿಗೂ ನಾವು ಊಹಿಸುವಷ್ಟು ನಂಟಿಲ್ಲ. ಹುಡುಕುವುದು, ದಿಟ್ಟಿಸುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು, ತಿನ್ನುವುದು – ತೋಳದಲ್ಲಿ ಇವು ಒಂದೇ ಸರಪಳಿಯ ಕೊಂಡಿಗಳು. ಮನುಷ್ಯ ಸಾವಿರಾರು ವರ್ಷ ಸಾಕಿ ಈ ಸರಪಳಿಯನ್ನು ಅಲ್ಲಲ್ಲಿ ತುಂಡರಿಸಿದ್ದಾನೆ. ಹೊಟ್ಟೆ ತುಂಬಿದ ನಾಯಿಯಲ್ಲಿ ತಿನ್ನುವ ಕೊಂಡಿ ಸುಮ್ಮನಿರಬಹುದು. ಅಟ್ಟುವ ಕೊಂಡಿ ಮಾತ್ರ ಎಚ್ಚರವಾಗಿಯೇ ಇರುತ್ತದೆ. ಓಡುವ ಸೈಕಲ್ಲಿನ ಹಿಂದೆ ಅದು ಓಡುವುದೇಕೆ? ಸೈಕಲ್ಲನ್ನು ತಿನ್ನುವುದಕ್ಕಲ್ಲ.

ಒಂಟಿಯಾಗಿದ್ದಾಗ ಆ ಓಟಕ್ಕೆ ಒಂದು ಮಿತಿಯಿರುತ್ತದೆ. ಒಂದು ಗದರಿಕೆ, ಬಾಗಿ ಕಲ್ಲು ಎತ್ತಿದಂತೆ ಮಾಡುವ ಒಂದು ಸನ್ನೆ ಸಾಕು, ಹಿಂಜರಿಯುತ್ತದೆ. ಜೊತೆಗೆ ಮೂರು-ನಾಲ್ಕು ಸೇರಿದಾಗ ಲೆಕ್ಕವೇ ಬದಲಾಗುತ್ತದೆ. ಮುಂದಿನದು ಓಡಿದ್ದರಿಂದ ಹಿಂದಿನದು ಓಡುತ್ತದೆ. ಹಿಂದಿನದರ ಬೊಗಳು ಮುಂದಿನದಕ್ಕೆ ಧೈರ್ಯವಾಗುತ್ತದೆ. ಒಂದು ಕಚ್ಚಿದ ಕ್ಷಣದಲ್ಲಿ ಉಳಿದವುಗಳಿಗೂ ಹಲ್ಲು ಹಾಕಲು ಅದೇ ಅಪ್ಪಣೆ. ಯಾವ ನಾಯಿ ಮೊದಲು ಕಚ್ಚಿತೆಂದು ಆಮೇಲೆ ವಿಚಾರಿಸುವುದು ವ್ಯರ್ಥ. ಗುಂಪಿನಲ್ಲಿ ಮನುಷ್ಯರೂ ಹೀಗೆಯೇ ಅಲ್ಲವೇ ಎಂದು ನೀವು ಕೇಳಬಹುದು. ಕೇಳಿ, ಆದರೆ ನಾಯಿಗೆ ಮರುದಿನ ನಾಚಿಕೆಯಾಗುವುದಿಲ್ಲ.

ಕುರಿಗಳ ಜಾಗದಲ್ಲಿ ಮನುಷ್ಯರಿದ್ದ ಪ್ರಸಂಗಗಳನ್ನು ನಾವು ಮರೆತಂತಿದೆ. 2007ರ ಆರಂಭದ ಎರಡು ತಿಂಗಳಲ್ಲಿ ಬೆಂಗಳೂರಿನಲ್ಲಿ ಎರಡು ಎಳೆಯ ಮಕ್ಕಳು ನಾಯಿಗಳ ಹಿಂಡಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಮೊದಲನೆಯದು ಚಂದ್ರಾ ಬಡಾವಣೆಯ ಹೆಣ್ಣುಮಗು. ಆಗ ಮಾಂಸದಂಗಡಿಗಳ ತ್ಯಾಜ್ಯದ ಬಗ್ಗೆ ದೊಡ್ಡ ಚರ್ಚೆಯಾಯಿತು, ನಾಯಿಗಳನ್ನು ಸಾಮೂಹಿಕವಾಗಿ ಹಿಡಿಯಲಾಯಿತು, ಪರ-ವಿರೋಧದ ಮೆರವಣಿಗೆಗಳು ನಡೆದವು. ಆಮೇಲೆ ಎಲ್ಲವೂ ತಣ್ಣಗಾಯಿತು. 2024ರ ಆಗಸ್ಟ್ 28ರ ಬೆಳಿಗ್ಗೆ ಜಾಲಹಳ್ಳಿಯ ವಾಯುಪಡೆ ವಸತಿ ಆವರಣದಲ್ಲಿ ವಾಯುವಿಹಾರಕ್ಕೆ ಹೊರಟಿದ್ದ 76 ವರ್ಷದ ವೃದ್ಧೆಯೊಬ್ಬರ ಮೇಲೆ ಸುಮಾರು ಹನ್ನೆರಡು ನಾಯಿಗಳು ಎರಗಿದವು. ಅವರು ಬದುಕುಳಿಯಲಿಲ್ಲ. ಕಾವಲಿರುವ, ಬೇಲಿಯಿರುವ ಆವರಣವದು ಎಂಬುದನ್ನು ಗಮನಿಸಿ.

2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಹೀಗೆಯೇ ತೀರಿಕೊಂಡ. ಅಲ್ಲಿನ ಕ್ಯಾಮೆರಾದಲ್ಲಿ ದಾಖಲಾದ ದೃಶ್ಯವನ್ನು ಬಹಳ ಜನ ನೋಡಿದರು. ನಾನು ಪೂರ್ತಿ ನೋಡಲಾರದೆ ಹೋದೆ. ನೋಡಿದಷ್ಟರಲ್ಲಿ ಕಂಡದ್ದಿಷ್ಟು: ಮಗು ಒಂಟಿಯಾಗಿ ನಡೆದು ಬರುತ್ತದೆ, ನಾಯಿಗಳು ಹತ್ತಿರವಾಗುತ್ತವೆ, ಹೆದರಿ ಓಡುತ್ತದೆ, ಬೀಳುತ್ತದೆ. ಅಮೆರಿಕದ ನಾಲ್ವರು ಸಂಶೋಧಕರು 1983ರಷ್ಟು ಹಿಂದೆಯೇ ನಾಯಿಹಿಂಡುಗಳು ಮನುಷ್ಯರ ಮೇಲೆ ಎರಗಿದ ಮೂರು ಪ್ರಕರಣಗಳನ್ನು ಕೂಲಂಕಷವಾಗಿ ಪರಿಶೀಲಿಸಿದ್ದರು. ಹಿಂಡಿನ ಬೇಟೆಯ ಅಭ್ಯಾಸ, ಎದುರಿರುವವರ ವಯಸ್ಸು ಮತ್ತು ಗಾತ್ರ, ಅವರ ನಡವಳಿಕೆ, ಹತ್ತಿರದಲ್ಲಿ ಬೇರೆ ಜನರಿಲ್ಲದಿರುವುದು ಇವೇ ಅವರು ಎಣಿಸಿದ ಕಾರಣಗಳಲ್ಲಿ ಮುಖ್ಯವಾದವು. ಅಂಬರ್‌ಪೇಟೆಯ ಮಗುವಿನ ವಿಷಯದಲ್ಲಿ ಇವುಗಳಲ್ಲಿ ಎಷ್ಟು ಹೊಂದುತ್ತವೆ ಎಂದು ನೀವೇ ನೋಡಿ.

ಇವೆಲ್ಲ ಬೀದಿನಾಯಿಗಳ ಕಥೆ, ನಮ್ಮದು ಸಾಕಿದ ನಾಯಿ ಎನ್ನುವಿರಾ? 2025ರ ಡಿಸೆಂಬರ್‌ನಲ್ಲಿ ದಾವಣಗೆರೆ ಸಮೀಪ ಒಬ್ಬ ಮಹಿಳೆಯ ಸಾವಿಗೆ ಕಾರಣವಾದವು ಎರಡು ರಾಟ್‌ವೈಲರ್ ನಾಯಿಗಳು. ಅದು ಬೀದಿಯ ತಳಿಯಲ್ಲ, ಯಾರೋ ಹಣ ಕೊಟ್ಟು ತಂದು ಸಾಕುವ ತಳಿ. ಆದರೆ ತಳಿಯ ಮಾತಿಗಿಂತ ನನ್ನನ್ನು ಹೆಚ್ಚು ಕಾಡುವುದು ಹಳ್ಳಿಯ ಬಡಕಲು ಕಂದು ನಾಯಿಯೇ. ಸಾಕಿದ್ದು, ಬೀದಿಯದು ಎಂಬ ಭೇದ ನಮ್ಮ ಲೆಕ್ಕದ್ದು. ಇರುಳಿನಲ್ಲಿ ಅವು ಅದನ್ನು ಪಾಲಿಸುವುದಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಹೆಣ್ಣುನಾಯಿಯೊಂದು ಬೆದೆಗೆ ಬಂದರೆ ಸಾಕು, ಆಚೀಚೆಯ ಬೀದಿಗಳ ಗಂಡುಗಳೆಲ್ಲ ಅದರ ಬೆನ್ನು ಹತ್ತುತ್ತವೆ. ಅವುಗಳಲ್ಲಿ ಎಷ್ಟರ ಕೊರಳಲ್ಲಿ ಪಟ್ಟಿಯಿದೆ ಎಂದು ಒಮ್ಮೆ ಎಣಿಸಿ ನೋಡಿ.

ನಮ್ಮ ಜಿಲ್ಲೆ ಈ ಹಿಂಡುಗಳನ್ನು ಕಟ್ಟಲು ಹೇಳಿ ಮಾಡಿಸಿದ ಹಾಗಿದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ದ್ರಾಕ್ಷಿ ತೋಟಗಳಿದ್ದ ಕಡೆ ಬಡಾವಣೆಗಳೆದ್ದವು. ಅರ್ಧ ನಿವೇಶನಗಳು ಖಾಲಿ, ಬೀದಿದೀಪವಿಲ್ಲದ ರಸ್ತೆ, ಮೋರಿಯ ಪಕ್ಕದಲ್ಲಿ ಮರಿ ಹಾಕಲು ಬೇಕಾದಷ್ಟು ಮರೆ. ಕೋಳಿ ಅಂಗಡಿಯ ಪುಕ್ಕ-ಕರುಳಿನ ಮೂಟೆ ಕತ್ತಲಾದ ಮೇಲೆ ಕೆರೆಯ ಏರಿಯನ್ನು ಸೇರುತ್ತದೆ. ಹೊಸಕೋಟೆಯ ಬಿರಿಯಾನಿಗೆ ಜನ ನಸುಕಿನಲ್ಲೇ ಸಾಲುಗಟ್ಟುವುದು ಈಗ ಪ್ರಸಿದ್ಧ. ತಿಂದವರು ಮೂಳೆಯ ಪೊಟ್ಟಣವನ್ನು ದಾರಿಯಲ್ಲಿ ಎಸೆದುಹೋಗುವುದಕ್ಕೆ ಅಷ್ಟು ಪ್ರಸಿದ್ಧಿ ಇಲ್ಲ. ಇಂಥ ಒಂದೊಂದು ರಾಶಿಯ ಸುತ್ತಲೂ ಒಂದೊಂದು ಗುಂಪು ಬೀಡುಬಿಡುತ್ತದೆ. ಆ ರಾಶಿಯನ್ನು ತನ್ನದೆಂದು ಕಾಯುತ್ತದೆ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಎರಡನೆಯ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವವರು, ಕ್ರಿಸ್ತಜಯಂತಿಯ ನಡುರಾತ್ರಿಯ ಪೂಜೆ ಮುಗಿಸಿ ಮಕ್ಕಳ ಕೈಹಿಡಿದು ನಡೆಯುವ ನಾವು ಅದರ ದೃಷ್ಟಿಯಲ್ಲಿ ಎಲ್ಲೆ ಮೀರಿದವರು.

ಪವಿತ್ರ ಗ್ರಂಥದಲ್ಲಿ ಕಾಣುವ ನಾಯಿಗಳು ಬಹುಪಾಲು ಬೀದಿಯವು. ಈಜೆಬೆಲಳ ಅಂತ್ಯದಲ್ಲಿ ಅವು ಹಿಂಡಾಗಿ ಬರುತ್ತವೆ. ಕೀರ್ತನೆಕಾರನನ್ನು ಮುತ್ತಿದ ಶತ್ರುಗಳಿಗೂ ಅವುಗಳದೇ ಹೋಲಿಕೆ. ತೊಬೀತನ ಗ್ರಂಥದಲ್ಲಿ ಮಾತ್ರ ಒಂದೇ ಒಂದು ನಾಯಿ ಯುವಕನ ಜೊತೆ ದಾರಿ ನಡೆಯುತ್ತದೆ. ಅದರ ಬಗ್ಗೆ ಹೆಚ್ಚೇನೂ ಬರೆದಿಲ್ಲ, ಆದರೂ ಓದುವಾಗಲೆಲ್ಲ ನನಗೆ ಅದರ ಮೇಲೆ ಪ್ರೀತಿ.

ನಾಯಿಗಳನ್ನೆಲ್ಲ ಕೊಂದುಬಿಟ್ಟರೆ ತೀರಿತು ಎನ್ನುವವರ ಜೊತೆ ನಾನಿಲ್ಲ. ವಿಷ ಹಾಕುವುದು ಅಪರಾಧ. ತೆರವಾದ ಜಾಗಕ್ಕೆ ಪಕ್ಕದೂರಿನ ನಾಯಿಗಳು ಬಂದು ಸೇರುವುದನ್ನು ಎಲ್ಲೆಡೆ ಕಂಡಿದ್ದೇವೆ. ಸಂತಾನಹರಣ ಮಾಡಿ ರೇಬಿಸ್ ಲಸಿಕೆ ಹಾಕಿಸುವ ಹೊಣೆಯನ್ನು 2001ರ ನಿಯಮಗಳೂ ಅವುಗಳ ಬದಲಿಗೆ ಬಂದ 2023ರ ನಿಯಮಗಳೂ ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರ್ 7ರಂದು ಆದೇಶಿಸಿತು. ಪಂಚಾಯಿತಿಗೆ ಅರ್ಜಿ ಕೊಡೋಣ, ಕೊಡಲೇಬೇಕು. ಆದರೆ ನಮ್ಮ ಅಂಗಳದ ನಾಯಿಯನ್ನು ಸಂಜೆ ಕಟ್ಟಿಹಾಕಲು ಯಾವ ಪಂಚಾಯಿತಿಯ ಅಪ್ಪಣೆ ಬೇಕು? ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ವಿಧಿಯಂತೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿಯವರೆಗಿನ ದಂಡ, ಇಲ್ಲವೇ ಎರಡೂ ಆಗಬಹುದು. ಹಗಲೆಲ್ಲ ಸರಪಳಿಯಲ್ಲಿಟ್ಟು ರಾತ್ರಿ ಬಿಡುವ ನಮ್ಮ ವಾಡಿಕೆ ತೀರ ತಲೆಕೆಳಗು. ಹಗಲು ಜೊತೆಯಲ್ಲಿ ಓಡಾಡಿಸಿ, ರಾತ್ರಿ ಕಾಂಪೌಂಡಿನೊಳಗೆ ಇರಿಸುವುದೇ ಸರಿ. ಗಂಡಾಗಲಿ ಹೆಣ್ಣಾಗಲಿ, ಪಶುವೈದ್ಯರ ಬಳಿ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರೆ ಬೆದೆಯ ಕಾಲದ ಅಲೆದಾಟವೂ ತಗ್ಗುತ್ತದೆ.

ಕಚ್ಚಿದರೆ ಅರಿಸಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ.

ಕಳೆದ ಬೇಸಿಗೆಯಲ್ಲಿ ಭಾನುವಾರದ ಧರ್ಮೋಪದೇಶದ ತರಗತಿ ಮುಗಿದ ಮೇಲೆ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ಒಂದು ಅಭ್ಯಾಸ ಮಾಡಿಸಿದೆ. ನಾಯಿಗಳು ಬಂದರೆ ಓಡಬಾರದು, ಕಿರುಚಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಮರದ ಹಾಗೆ ನಿಲ್ಲಬೇಕು. ಅವು ತಣ್ಣಗಾದ ಮೇಲೆ ಬೆನ್ನು ತಿರುಗಿಸದೆ ಒಂದೊಂದೇ ಹೆಜ್ಜೆ ಹಿಂದೆ ಸರಿಯಬೇಕು. ಕೆಳಗೆ ಬಿದ್ದರೆ ಮೊಣಕಾಲು ಹೊಟ್ಟೆಗೆ ಒತ್ತಿ, ಮುಖ ಅಡಗಿಸಿ, ಕುತ್ತಿಗೆಯ ಮೇಲೆ ಕೈ ಹೆಣೆದು ಚೆಂಡಿನಂತೆ ಮುದುಡಿಕೊಳ್ಳಬೇಕು. ಹುಡುಗರು ನಾಯಿಗಳಾಗಿ ಬೊಗಳುತ್ತ ಸುತ್ತಿದರು. ಮೊದಲ ಸಲ ಎಲ್ಲರೂ ಓಡಿಯೇಬಿಟ್ಟರು, ನಕ್ಕರು. ಮೂರನೆಯ ಸಲಕ್ಕೆ ನಿಂತರು. ಒಂದನೆಯ ತರಗತಿಯ ಪುಟ್ಟ ಹುಡುಗಿ ಅಲುಗಾಡದೆ ನಿಂತಲ್ಲಿಂದಲೇ ಪಿಸುಗುಟ್ಟಿದಳು: “ಅಂಕಲ್, ಮರಕ್ಕೆ ಕೈಯೇ ಇರಲ್ಲವಲ್ಲ, ನಾನು ಕೈ ಎಲ್ಲಿಟ್ಟುಕೊಳ್ಳಲಿ?” ಎರಡು ಕೈಗಳನ್ನೂ ಎದೆಯ ಮೇಲೆ ಮಡಚಿ, ಬೆರಳುಗಳನ್ನು ಮುಷ್ಟಿಯೊಳಗೆ ಸೇರಿಸಿ ತೋರಿಸಿದೆ.