ಗೋಡೆಗೆ ನೀರು ಕುಡಿಸುವವರು

ಸುಟ್ಟ ಸುಣ್ಣದ ಹರಳು ನೀರಿಗೆ ಬಿದ್ದು ಕೊತಕೊತ ಕುದಿಯುವ ಸದ್ದು ಕೇಳಿದರೆ ನನಗೆ ಆ ಹೊತ್ತಿಗೆ ಬೇರೆ ಸಂಗೀತ ಬೇಡ. ಹಬೆ ಏಳುತ್ತದೆ, ಹರಳು ಬಿರಿಯುತ್ತದೆ, ನೋಡನೋಡುತ್ತಿದ್ದಂತೆ ತೊಟ್ಟಿಯ ತುಂಬ ಸುಣ್ಣ ಅರಳುತ್ತದೆ. ಅದನ್ನು ಸೋಸಿ, ಮೇಲೆ ನೀರು ನಿಲ್ಲಿಸಿ, ವಾರಗಟ್ಟಲೆ ಮುಟ್ಟದೆ ಬಿಡಬೇಕು. ಆಮೇಲೆ ಕರಣೆ ಅದ್ದಿ ತೆಗೆದರೆ ಬೆಣ್ಣೆಯ ಹಾಗೆ ಬರುತ್ತದೆ. ಹೋದ ಭಾನುವಾರ ಹಾಗೆ ಬಂತು. ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವ ದಾರಿಯಲ್ಲಿ, ಕಪಿಲೆಯ ದಡದ ಒಂದು ಹಳ್ಳಿಯ ಹಳೇ ಚಾವಡಿಗೆ ಗಾರೆ ಮೆತ್ತುವ ಶ್ರಮದಾನ ಅದು. ಫ್ರಾನ್ಸಿನಿಂದ ಬಂದ ಇಬ್ಬರು ಹುಡುಗರು, ಜರ್ಮನಿಯ ಒಬ್ಬಳು ಹುಡುಗಿ, ಮೈಸೂರಿನ ಒಂದು ಕಾಲೇಜಿನ ಎನ್ನೆಸ್ಸೆಸ್ ಮಕ್ಕಳು, ಊರಿನ ಮೇಸ್ತ್ರಿ, ನಾನು. ನನ್ನ ಸಂತೋಷ ಕೆಡಿಸುವುದಕ್ಕೆ ಇನ್ನೊಬ್ಬರೂ ಬಂದಿದ್ದರು. ಅವರ ವಿಷಯ ಆಮೇಲೆ.

ಗಾರೆ ಕೆಲಸದಲ್ಲಿ ಎಲ್ಲರೂ ಕರಣೆ ಹಿಡಿಯಲು ಆತುರಪಡುತ್ತಾರೆ. ನನಗೆ ಆಸೆ ಅದರ ಹಿಂದಿನ ಕೆಲಸದ ಮೇಲೆ: ಗೋಡೆಗೆ ನೀರು ಕುಡಿಸುವುದು. ಹಿಂದಿನ ದಿನ ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ, ಮೆತ್ತುವ ಮೊದಲು ಇನ್ನೊಂದು ಸಲ. ಸಾಕೋ ಇಲ್ಲವೋ ತಿಳಿಯುವುದಕ್ಕೆ ಯಂತ್ರ ಬೇಕಿಲ್ಲ. ಚೊಂಬಿನ ನೀರನ್ನು ಅಂಗೈಯಿಂದ ಗೋಡೆಗೆ ಚಿಮುಕಿಸಿ ನೋಡಿ. ಬಿದ್ದ ತಕ್ಷಣ ಇಂಗಿ ಹೋದರೆ ಇನ್ನೂ ಬೇಕು ಎಂದು ಅರ್ಥ. ಹೊಳೆಯುತ್ತಾ ನಿಂತರೆ ಹೆಚ್ಚಾಗಿದೆ, ಎಲೆ ಅಡಿಕೆ ಹಾಕಿಕೊಂಡು ಕಾಯಿರಿ. ಹೊಳಪು ಆರಿ, ಅಂಗೈ ಇಟ್ಟರೆ ತಣ್ಣಗೆ ತಾಗುತ್ತದಲ್ಲ, ಅದೇ ಮುಹೂರ್ತ. ಆ ಮುಹೂರ್ತ ಬಿಟ್ಟು ಮೆತ್ತಿದರೆ ಒಣ ಗೋಡೆ ಗಾರೆಯ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಗಾರೆ ಹಿಡಿತ ತಪ್ಪಿ ಬಿರುಕು ಬಿಡುತ್ತದೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಕೊಡುತ್ತದೆ. ಮೆತ್ತಿದ ಮೇಲೂ ಬಿಡುವಂತಿಲ್ಲ. ಒದ್ದೆ ಗೋಣಿತಾಟು ಇಳಿಬಿಟ್ಟು ತೇವ ಕಾಯಬೇಕು. ಸುಣ್ಣ ಸುಡುವಾಗ ಗೂಡಿನಲ್ಲಿ ಬಿಟ್ಟುಕೊಟ್ಟ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ವಾಪಸು ಪಡೆದೇ ಮತ್ತೆ ಕಲ್ಲಾಗುವುದು. ಆ ವ್ಯವಹಾರ ತೇವದಲ್ಲಿ ಮಾತ್ರ ನಡೆಯುತ್ತದೆ, ನಿಧಾನವಾಗಿ ನಡೆಯುತ್ತದೆ.

ಮೇಸ್ತ್ರಿ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದರು: “ಗ್ವಾಡಗೂ ದಾಹ ಆಯ್ತದ ಕನ ಸಾ.”

ಇನ್ನು ಆ ಇನ್ನೊಬ್ಬರು. ನಿವೃತ್ತರು, ಒಳ್ಳೆಯವರು, ಶ್ರಮದಾನ ಎಂದರೆ ಎಲ್ಲಿಗೆ ಕರೆದರೂ ಬರುವವರು. ಅವರು ಹೂಕುಂಡಕ್ಕೆ ಸಿಂಪಡಿಸುವ ಪ್ಲಾಸ್ಟಿಕ್ ಪಿಚಕಾರಿ ತಂದು ನೂರು ವರ್ಷದ ಗೋಡೆಗೆ ಪುಸ್‌ಪುಸ್ ಎನ್ನಿಸುತ್ತಾರೆ. “ಸಾಕು ಬಿಡಿ ಸಾರ್, ನೆನೆದಿದೆ” ಎನ್ನುತ್ತಾರೆ. ನಾನು ಬಕೆಟ್ ಎತ್ತಿದರೆ “ಗೋಡೆ ಕುಸಿದೀತು” ಎಂದು ಹೆದರಿಸುತ್ತಾರೆ. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವರ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಅರ್ಧ ಮೂಟೆ ಸಿಮೆಂಟಿರುತ್ತದೆ. ನಾನು ಕಾಫಿಗೆ ಆಚೆ ಹೋದ ಹೊತ್ತು ನೋಡಿ ಗಾರೆಗೆ ಎರಡು ಬೊಗಸೆ ಸುರಿದುಬಿಡುತ್ತಾರೆ. “ಬೇಗ ಹಿಡಿಯಲಿ ಅಂತ, ಗಟ್ಟಿ ಆಗಲಿ ಅಂತ.”

ಗಟ್ಟಿಯಂತೆ! ನಂಜನಗೂಡಿನಲ್ಲಿ ಕಪಿಲೆಗೆ ದಳವಾಯಿ ದೇವರಾಜ ಸೇತುವೆ ಕಟ್ಟಿಸಿದ್ದು 1735ರಲ್ಲಿ. ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಸಿಮೆಂಟಿನ ಮುಖವನ್ನೇ ಕಾಣದ ಆ ಸೇತುವೆಯ ಮೇಲೆ ಆಮೇಲೆ ರಸ್ತೆಯ ಪಕ್ಕಕ್ಕೇ ಹಳಿ ಹಾಕಿ ರೈಲನ್ನೂ ಓಡಿಸಿದರು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಕಾವೇರಿಯನ್ನು ಇವತ್ತಿಗೂ ತಡೆದು ನಿಲ್ಲಿಸಿರುವುದು ಸುರ್ಕಿಯ ಬಲದಿಂದ, ಅಂದರೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆಯಿಂದ. ಇವರಿಗೆ ಮಾತ್ರ ಒಂದು ಚಾವಡಿಯ ಗೋಡೆ ನಿಲ್ಲುವುದಕ್ಕೆ ಸಿಮೆಂಟೇ ಆಗಬೇಕು. ಮಣ್ಣು ಸುಣ್ಣದ ಗೋಡೆ ನೆಲದಿಂದ ತೇವ ಎಳೆದುಕೊಂಡು ಗಾಳಿಗೆ ಬಿಡುತ್ತಿರುತ್ತದೆ. ಮೇಲೆ ಸಿಮೆಂಟು ಬಳಿದರೆ ಆ ತೇವ ಒಳಗೇ ಉಳಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬುಡದಲ್ಲಿ ಉಪ್ಪು ಹೂಬಿಟ್ಟು, ಇಟ್ಟಿಗೆ ಪುಡಿಪುಡಿಯಾಗಿ, ಸಿಮೆಂಟಿನ ಹಾಳೆ ಮಾತ್ರ ನೆಟ್ಟಗೆ ನಿಂತಿರುತ್ತದೆ. ನಮ್ಮ ಎರಡು ತಾಲ್ಲೂಕುಗಳ ಅದೆಷ್ಟು ಗುಡಿ ಮಂಟಪಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಹೀಗೆ ಜೀರ್ಣ ಮಾಡಿದ್ದಾರೋ! ಸಾಲದ್ದಕ್ಕೆ ಕಲ್ಲಿನ ಕಂಬಗಳಿಗೆಲ್ಲ ಹಳದಿ ಎನಾಮಲ್ ಪೇಂಟು. ಸೋಮನಾಥಪುರದ ಕೇಶವ ದೇವಾಲಯ 1258ರಿಂದ ಇವತ್ತಿನವರೆಗೆ ಉಳಿದು 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತಲ್ಲ, ಭಕ್ತರ ಕೈಗೆ ಪೇಂಟಿನ ಡಬ್ಬ ಸಿಗದಿದ್ದದ್ದೂ ಒಂದು ಕಾರಣವಿರಬೇಕು.

ಸಿಟ್ಟು ಇಳಿಸಿಕೊಳ್ಳುವುದಕ್ಕೆ ಆ ಪರದೇಶದ ಮಕ್ಕಳ ಕಡೆ ತಿರುಗಿದೆ. ಜರ್ಮನಿಯ ಹುಡುಗಿ ಬೆಳಗಿನಿಂದ ಬಾಂಡ್ಲಿ ಹೊರುತ್ತಿದ್ದಳು. ಕರಣೆ ಕೊಡಿ ಎಂದು ಕೇಳಲಿಲ್ಲ. ಊರಿನ ಹೆಂಗಸರು ಸಿಂಬಿ ಸುತ್ತುವುದನ್ನು ಹೇಳಿಕೊಟ್ಟು, ಅದು ಜಾರಿದಾಗೆಲ್ಲ ನಗುತ್ತಿದ್ದರು. ಇವಳೂ ನಗುತ್ತಿದ್ದಳು. ನನಗೆ ಪಿಯೆರ್ ಸೆರೆಸೋಲ್ ನೆನಪಾದ. ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರ ಮಗ, ಓದಿನಲ್ಲಿ ಎಂಜಿನಿಯರು. ಮೊದಲನೇ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವರ್ದನ್ ಹತ್ತಿರದ ಎಸ್ನ್ ಎಂಬ ಹಾಳುಬಿದ್ದ ಹಳ್ಳಿಯಲ್ಲಿ ಗುದ್ದಲಿ ಹಿಡಿದ. ಬೇರೆ ದೇಶಕ್ಕೆ ಹೋಗಿ ಊರು ಕಟ್ಟುವ ಇಂದಿನ ಶಿಬಿರಗಳಿಗೆಲ್ಲ ಅದೇ ಮೂಲ. ಆ ತಂಡದಲ್ಲಿ ಜರ್ಮನ್ನರೂ ಇದ್ದರು. ಮೊನ್ನೆ ಮೊನ್ನೆ ಊರು ಸುಟ್ಟವರ ಕಡೆಯವರು ಇವತ್ತು ಕಟ್ಟಿಕೊಡುತ್ತೇವೆ ಎಂದರೆ ಅಲ್ಲಿಯ ಜನಕ್ಕೆ ಹೇಗಾಗಬೇಡ? ವಿರೋಧ ಎದ್ದಿತು, ಕೆಲವು ತಿಂಗಳಲ್ಲೇ ಕೆಲಸ ನಿಂತಿತು. ಸೆರೆಸೋಲ್ ಛಲ ಬಿಡಲಿಲ್ಲ. 1934ರ ಭೂಕಂಪದಲ್ಲಿ ಬಿಹಾರ ನೆಲಸಮವಾದಾಗ ಇಲ್ಲಿಗೂ ಬಂದು ಹಳ್ಳಿ ಕಟ್ಟುವ ಕೆಲಸಕ್ಕೆ ನಿಂತ. ನನಗೆ ಅವನ ಬಿಹಾರಕ್ಕಿಂತ ಎಸ್ನ್ ಹೆಚ್ಚು ಮುಖ್ಯ. ಕೊಡುವವನ ಮನಸ್ಸು ಎಷ್ಟೇ ದೊಡ್ಡದಿರಲಿ, ಊರು ಯಾರದೋ ಅವರ ಮಾತೇ ಕಡೆಯ ಮಾತು.

ಈ ಮಾತು ನಮ್ಮವರಿಗೂ ತಿಳಿದಂತಿಲ್ಲ. ನಮ್ಮಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನವನು. ರಜೆ ಹಾಕಿ, ಕೈಯಿಂದ ದುಡ್ಡು ಕಟ್ಟಿ, ನೇಪಾಳಕ್ಕೆ ಶಾಲೆ ಕಟ್ಟಲು ಹೋಗಿದ್ದ. ಎಷ್ಟೊಂದು ಫೋಟೊ! “ಗೋಡೆ ಎಷ್ಟೆತ್ತರ ಎದ್ದಿತೋ?” ಎಂದರೆ “ನಾವು ಬಂದ್ಮೇಲೆ ಅಲ್ಲಿಯವರು ಮುಗಿಸ್ತಾರೆ ಮಾವ” ಎಂದ. ಇವನ ತಾತನ ತೊಟ್ಟಿಮನೆ ಇದೇ ನಂಜನಗೂಡು ತಾಲ್ಲೂಕಿನಲ್ಲಿ ಗಾರೆ ಕಳಚಿಕೊಂಡು ನಿಂತಿದೆ. ನೇಪಾಳಕ್ಕೆ ಹೋಗಬಾರದೆಂದಲ್ಲ. ಹೋಗಲಿ, ಆದರೆ ಇಟ್ಟಿಗೆಗೆ ನೀರು ಹಾಕುವುದನ್ನಾದರೂ ಮನೆಯಲ್ಲಿ ಕಲಿತು ಹೋಗಲಿ. ಇಲ್ಲಿಗೆ ಬರುವ ತಂಡಗಳೂ ಬೇರೆಯಲ್ಲ. ಟೀ ಶರ್ಟು, ಬ್ಯಾನರು, ಗುಂಪು ಫೋಟೊ. ಕಳೆದ ವರ್ಷ ಒಬ್ಬರು ಚಿಟ್ಟೆ ಬರೆದ ಶಾಲೆಯ ಗೋಡೆಯ ಮೇಲೆ ಈ ವರ್ಷ ಇನ್ನೊಬ್ಬರು ಆನೆ ಬರೆಯುತ್ತಾರೆ. ಸೂರು ಸೋರುತ್ತಿದೆಯೇ, ಶೌಚಾಲಯಕ್ಕೆ ನೀರು ಬರುತ್ತಿದೆಯೇ ಎಂದು ಮೇಷ್ಟ್ರನ್ನು ಕೇಳುವವರು ಯಾರು? ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, ಎನ್ನೆಸ್ಸೆಸ್ ಶುರು ಮಾಡಿದ್ದು ಚಿಟ್ಟೆ ಬರೆಯುವುದಕ್ಕಂತೂ ಅಲ್ಲ.

ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ. ಜರ್ಮನಿಯಿಂದ ಬನ್ನಿ, ಬೆಂಗಳೂರಿನಿಂದ ಬನ್ನಿ, ಕೆಲಸ ಬೇಕಾದಷ್ಟಿದೆ. ಬಂದವರು ಮೊದಲು ಊರಿನವರನ್ನು ಕೇಳಿ, ಊರಿನ ಮೇಸ್ತ್ರಿಗೆ ದಿನಗೂಲಿ ಕೊಟ್ಟು ಅವರ ಕೈಕೆಳಗೆ ಆಳಾಗಿ ನಿಲ್ಲಿ. ಕರಣೆ ಅವರ ಕೈಯಲ್ಲೇ ಇರಲಿ, ಬಾಂಡ್ಲಿ ನಿಮ್ಮ ತಲೆಯ ಮೇಲಿರಲಿ. ಸಿಮೆಂಟು ಮನೆಯಲ್ಲೇ ಬಿಟ್ಟು ಬನ್ನಿ, ಪಿಚಕಾರಿಯನ್ನೂ.