ಹೊಳಪು ನಂಬಿ ತೇಗ ಕಳಕೊಂಡೆ

ಕಡಿಮೆ ಖರ್ಚಿನಲ್ಲಿ ಮನೆ ಸಜ್ಜು ಮಾಡಿಕೊಳ್ಳುವವರಿಗೆ ಬಳ್ಳಾರಿ ಸೀಮೆಯಲ್ಲಿ ಸಾಮಾನಿನ ಬರವಿಲ್ಲ. ಸಿರುಗುಪ್ಪದ ಕಡೆ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವವರು ತೊಲೆ, ಜಂತಿ, ಬಾಗಿಲುಗಳನ್ನು ಅಂಗಳದಲ್ಲಿ ರಾಶಿ ಹಾಕಿರುತ್ತಾರೆ. ಕುರುಗೋಡು ಗುಡ್ಡಗಳ ಊರು, ಕಲ್ಲಿಗೆ ಅಲೆಯಬೇಕಿಲ್ಲ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕತ್ತರಿಸಿ ಉಳಿದ ಬಟ್ಟೆ ಚೀಲಗಟ್ಟಲೆ ಬೀಳುತ್ತದೆ. ಇಷ್ಟೆಲ್ಲ ಎದುರಿಗಿದ್ದೂ ನಾನು ಆರಿಸಿದ್ದು ತಪ್ಪು ವಸ್ತುವನ್ನು.

ಸಿರುಗುಪ್ಪದಲ್ಲಿ ನಮ್ಮ ಅಜ್ಜನ ಮನೆ ಕೆಡವಿದಾಗ ತೇಗದ ಬಾಗಿಲು, ಚೌಕಟ್ಟು, ನಾಲ್ಕಾರು ತೊಲೆ ನನ್ನ ಪಾಲಿಗಿದ್ದವು. ಹೊಗೆ ಹಿಡಿದು ಕರ್ರಗಾಗಿದ್ದವು, ಮೈತುಂಬ ಮೊಳೆ. ಸಾಗಿಸುವ ಬಾಡಿಗೆ, ಹತ್ತರಿ ಹೊಡೆಸುವ ಕೂಲಿ ಲೆಕ್ಕ ಹಾಕಿ ಬೇಡವೆಂದೆ. ಅವು ಕಟ್ಟಿಗೆ ಅಡ್ಡೆಗೆ ತೂಕದ ಮೇಲೆ ಹೋದವು. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಬಳ್ಳಾರಿಯ ಸೆಕೆಂಡ್‌ಹ್ಯಾಂಡ್ ಅಂಗಡಿಯೊಂದರಿಂದ ಮಂಚ, ಪುಸ್ತಕದ ಕಪಾಟು ತಂದೆ. ಎರಡಕ್ಕೂ ಪಾಲಿಶ್ ಮಿರಮಿರ ಮಿಂಚುತ್ತಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಮಂಚದ ಕಾಲಿನ ಕೆಳಗೆ ಜರಡಿ ಹಿಡಿದ ಹಿಟ್ಟಿನಂಥ ಪುಡಿ ಬೀಳತೊಡಗಿತು. ಗೆದ್ದಲೆಂದುಕೊಂಡು ಗೋಡೆ ಬುಡಕ್ಕೆ ಔಷಧಿ ಹೊಡೆಸಿದೆ. ಗೆದ್ದಲಾದರೆ ಮಣ್ಣಿನ ಗೂಡು ಕಟ್ಟುತ್ತಾ ಬರುತ್ತದೆ. ಇದು ಕುಟ್ಟೆ ಹುಳ. ಬಳ್ಳಾರಿ ಬಿಸಿಲಿಗೆ ಯಾವ ಹುಳ ಉಳಿದೀತು ಎಂದು ಬೇಸಗೆಯಲ್ಲಿ ಮಂಚವನ್ನು ಮಾಳಿಗೆ ಮೇಲೆ ಒಣಗಿಸಿದೆ. ನಲವತ್ತು ಡಿಗ್ರಿ ದಾಟಿದ ಬಿಸಿಲೂ ದಪ್ಪ ಕಟ್ಟಿಗೆಯ ಒಡಲು ಮುಟ್ಟಲಿಲ್ಲ. ಅಷ್ಟರಲ್ಲಿ ಹೊಸದಾಗಿ ಮಾಡಿಸಿದ್ದ ಮಾವಿನ ಹಲಗೆಗೂ ಸೂಜಿ ಚುಚ್ಚಿದಂಥ ತೂತು ಬಿದ್ದಿದ್ದವು.

ಕುರುಗೋಡಿನ ಹಿರಿಯ ಬಡಿಗೇರರೊಬ್ಬರು ಬಂದು ಕಪಾಟಿನ ಹಿಂಬದಿ ಕೆರೆದು ತೋರಿಸಿದರು. ಪಾಲಿಶ್ ಕೆಳಗೆ ಬರೀ ಬಿಳಿ ಕಟ್ಟಿಗೆ, ಚೇಗು ಇಲ್ಲ. ಕಾಂಡದ ಹೊರಗಿನ ಆ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ. ಹುಳದ ಮರಿಗೆ ಅದೇ ಅನ್ನ. ಮೊಟ್ಟೆ ಇಟ್ಟ ಮೇಲೆ ಮರಿ ಒಳಗೊಳಗೇ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ಮೀರಿ ಕೊರೆಯುತ್ತದೆ. ಹೊರಬರುವಾಗ ಮಾತ್ರ ತೂತು ಕಾಣುತ್ತದೆ. ಕೊಳ್ಳುವ ದಿನ ಮೈ ನುಣ್ಣಗಿದ್ದರೂ ಒಳಗೆ ಸಂಸಾರ ನಡೆದಿರುತ್ತದೆ. ವರ್ಷ ಕಳೆದಂತೆ ಕಟ್ಟಿಗೆಯ ಪಿಷ್ಟ ಕುಗ್ಗುವುದರಿಂದ ತುಂಬ ಹಳೆಯ ಮರಕ್ಕೆ ಈ ಹುಳದ ಕಾಟ ಕಡಿಮೆ. ತೇಗದ ಚೇಗಂತೂ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಹಳೆಯದೆಂದು ನಾನು ತೂಕಕ್ಕೆ ಮಾರಿದ್ದೇ ಗಟ್ಟಿಯಾಗಿತ್ತು. ಅಜ್ಜ ದಿನವೂ ಹಾಯುತ್ತಿದ್ದ ಬಾಗಿಲು ಯಾರದೋ ಒಲೆಗೆ ಹೋಯಿತೆಂಬ ಸಂಕಟ ಈಗಲೂ ಇದೆ.

ಮಂಚ, ಕಪಾಟು ಎರಡನ್ನೂ ಸುಡಬೇಕಾಯಿತು. ಮಾವಿನ ಹಲಗೆಯ ಪಾಲಿಶ್ ಪೂರ್ತಿ ಉಜ್ಜಿ ತೆಗೆಸಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರನ್ನು ಬಳಿಸಿ ಉಳಿಸಿಕೊಂಡೆವು; ಪಾಲಿಶ್ ಮೇಲೆ ಬಳಿದರೆ ಅದು ಒಳಗೆ ಇಳಿಯುವುದಿಲ್ಲ. ಕಪಾಟಿನ ಜಾಗಕ್ಕೆ ಕೆಲಸ ಮುಗಿದು ಉಳಿದಿದ್ದ ಕಡಪ ಕಲ್ಲಿನ ಹಲಗೆ ಕೂರಿಸಿದೆವು. ಜೀನ್ಸ್ ತುಂಡುಗಳನ್ನು ಒಗೆದು, ಜೋಡಿಸಿ ಹೊಲಿಸಿದ ಹಾಸು ಇಂದಿಗೂ ಗಟ್ಟಿಯಾಗಿದೆ.

ಈಗ ಹಳೆಯ ಕಟ್ಟಿಗೆ ಸಾಮಾನು ಕೊಳ್ಳುವಾಗ ತಲೆಕೆಳಗು ಮಾಡಿ, ಬಣ್ಣ ಕಾಣದ ಕಡೆ ನೋಡುತ್ತೇನೆ. ಬೆರಳಲ್ಲಿ ಬಡಿದು ಸದ್ದು ಕೇಳುತ್ತೇನೆ. ಮೂಲೆ ಮೂಲೆ ತಡವಿ ಪುಡಿ ಇದೆಯೇ ಎಂದು ಪರೀಕ್ಷಿಸುತ್ತೇನೆ. ಸಾಗಾಣಿಕೆ, ಕೂಲಿ, ಔಷಧಿ ಸೇರಿಸಿದ ಮೇಲೆಯೇ ಅದರ ಬೆಲೆ ಎಷ್ಟೆಂದು ನಿಶ್ಚಯಿಸುತ್ತೇನೆ. ಹಳೆ ಮನೆ ಕೆಡವುತ್ತಿರುವವರಿಗೆ ನನ್ನ ವಿನಂತಿ ಇಷ್ಟೇ: ಕಟ್ಟಿಗೆ ಅಡ್ಡೆಯವರನ್ನು ಕರೆಯುವ ಮುಂಚೆ ಒಬ್ಬ ಬಡಿಗೇರರನ್ನು ಕರೆಸಿ. ಅವರು ಉಳಿ ಹಾಕಿ ಕೆರೆದು ನೋಡಿ ಬೇಡವೆಂದರೆ ಮಾರಿ. ಇರಲಿ ಎಂದರೆ ಎಷ್ಟೇ ಕರ್ರಗಿದ್ದರೂ ಮನೆಗೆ ತನ್ನಿ.